ಯಾವ ಕಡಲಿಗೆ, ಯಾವ ತಿಂಗಳಲ್ಲಿ, ಎಷ್ಟು ಆಳಕ್ಕೆ?

ಓದುಗರ ಪ್ರಶ್ನೆ – ಉತ್ತರ

ದ್ವೀಪಗಳ ಸುತ್ತ ಮತ್ತು ಕರಾವಳಿಗಳಲ್ಲಿ ನಡೆಯುವ ಸ್ಕೂಬಾ ಡೈವಿಂಗ್ ಕುರಿತು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಮಾತನ್ನು ಕೇಳಿದ್ದವು: ಜಗತ್ತಿನಲ್ಲಿ ಎಲ್ಲಕ್ಕಿಂತ ಒಳ್ಳೆಯ ತಾಣ ಯಾವುದು? ಅಂಥವುಗಳಲ್ಲಿ ವಿವರ ಹೆಚ್ಚಿದ್ದ ಒಂದು ಪತ್ರವನ್ನು ಮೊದಲಿಗೆ ತೆಗೆದುಕೊಂಡಿದ್ದೇನೆ.

ಪ್ರ: ನಾನು ಈಚೆಗಷ್ಟೇ ಡೈವಿಂಗ್‌ನ ಮೊದಲ ಹಂತವಾದ ಓಪನ್ ವಾಟರ್ ತರಬೇತಿ ಮುಗಿಸಿದ್ದೇನೆ, ಈವರೆಗೆ ಆರು ಡೈವ್ ಆಗಿವೆ. ಈಕ್ವೆಡಾರ್‌ನ ಗ್ಯಾಲಪಗೋಸ್, ಪೆಸಿಫಿಕ್ ಸಾಗರದ ಪಲಾವು, ಇಂಡೊನೇಷ್ಯಾದ ಕೊಮೊಡೊ, ಮಧ್ಯ ಅಮೆರಿಕದ ಬೆಲೀಜ್‌ನ ಗ್ರೇಟ್ ಬ್ಲೂ ಹೋಲ್ – ಈ ನಾಲ್ಕರಲ್ಲಿ ಮೊದಲು ಎಲ್ಲಿಗೆ ಹೋಗಲಿ?

ಉ: ನಾಲ್ಕನ್ನೂ ಸದ್ಯಕ್ಕೆ ಬದಿಗಿಡಿ. ನಿಮ್ಮ ಉತ್ಸಾಹಕ್ಕೆ ತಣ್ಣೀರೆರಚಲು ಹೀಗೆ ಹೇಳುತ್ತಿಲ್ಲ. ಈ ತಾಣಗಳು ಯಾವ ಕಾರಣಕ್ಕೆ ಹೆಸರಾಗಿವೆಯೋ ಅದೇ ಕಾರಣಕ್ಕೆ ಹೊಸಬರಿಗೆ ಹೊಂದುವುದಿಲ್ಲ. ಗ್ಯಾಲಪಗೋಸ್‌ನ ಉತ್ತರದ ತುದಿಯಲ್ಲಿರುವ ಡಾರ್ವಿನ್ ಮತ್ತು ವುಲ್ಫ್ ದ್ವೀಪಗಳ ಬಳಿ ಸುತ್ತಿಗೆಯಂಥ ತಲೆಯ ಹ್ಯಾಮರ್‌ಹೆಡ್ ಶಾರ್ಕ್‌ಗಳು ದೊಡ್ಡ ಹಿಂಡುಗಳಲ್ಲಿ ಸೇರುವುದು ಅಲ್ಲಿ ಬಲವಾದ ಸೆಳವು ಇರುವುದರಿಂದ. ಆ ಸೆಳವಿನಲ್ಲಿ ಡೈವರ್ ಬಂಡೆಯೊಂದನ್ನು ಹಿಡಿದುಕೊಂಡು, ಗಾಳಿಗೆ ಸಿಕ್ಕಿದ ಬಾವುಟದಂತೆ ಅಡ್ಡಲಾಗಿ ತೊನೆಯುತ್ತ ಕಾಯಬೇಕಾಗುತ್ತದೆ. ಪಲಾವುವಿನ ಬ್ಲೂ ಕಾರ್ನರ್‌ನಲ್ಲಿ ಹಗ್ಗದ ತುದಿಗೆ ಕಟ್ಟಿದ ರೀಫ್ ಹುಕ್ ಎಂಬ ಕೊಕ್ಕೆಯನ್ನು ಸತ್ತ ಹವಳಕ್ಕೆ ಸಿಕ್ಕಿಸಿಕೊಂಡು ಶಾರ್ಕ್‌ಗಳ ಓಡಾಟ ನೋಡುತ್ತಾರೆ. ಕೊಮೊಡೊದಲ್ಲಂತೂ ಎರಡು ಸಾಗರಗಳ ನೀರು ಇಕ್ಕಟ್ಟಾದ ಜಲಸಂಧಿಗಳ ಮೂಲಕ ಉಬ್ಬರ–ಇಳಿತಕ್ಕೆ ತಕ್ಕಂತೆ ಹಾಯುವುದರಿಂದ, ಪಕ್ಕಕ್ಕೆ ಎಳೆಯುವ ಸೆಳವಿನ ಜೊತೆಗೆ ಕೆಳಕ್ಕೆ ಎಳೆಯುವ ಸೆಳವೂ ಎದುರಾಗುತ್ತದೆ. ಮೀನಿಗೆ ಅನ್ನ ತರುವುದು ಪ್ರವಾಹವೇ. ಡೈವರ್‌ನ ಗಾಳಿಯನ್ನು ಬೇಗ ಖಾಲಿ ಮಾಡಿಸುವುದೂ ಅದೇ.

ಬ್ಲೂ ಹೋಲ್‌ನ ಕಥೆ ಬೇರೆ. ಅಲ್ಲಿ ಸೆಳವಿಲ್ಲ, ಆದರೆ ಆಳವಿದೆ. ಸುಮಾರು 300 ಮೀಟರ್ ಅಗಲ, 120 ಮೀಟರಿಗೂ ಹೆಚ್ಚು ಆಳದ ಆ ಕುಳಿ, ಹಿಮಯುಗದಲ್ಲಿ ಸಮುದ್ರ ಮಟ್ಟ ತಗ್ಗಿದ್ದಾಗ ಒಣನೆಲದ ಮೇಲಿದ್ದ ಸುಣ್ಣಕಲ್ಲಿನ ಗುಹೆ. ಕಾಲಾಂತರದಲ್ಲಿ ಚಾವಣಿ ಕುಸಿದು, ನೀರು ಏರಿ ಮುಳುಗಿತು. ಗುಹೆಯ ಕಾಲದಲ್ಲಿ ತೊಟ್ಟಿಕ್ಕಿ ಬೆಳೆದ ಸುಣ್ಣದ ತೂಗುಗಂಬಗಳನ್ನು ನೋಡಬೇಕಾದರೆ 30 ಮೀಟರ್ ದಾಟಿ 40ರ ಹತ್ತಿರ ಇಳಿಯಬೇಕು. ನಿಮ್ಮ ಪ್ರಮಾಣಪತ್ರದ ಮಿತಿ 18 ಮೀಟರ್. ಫ್ರಾನ್ಸಿನ ಕಡಲ ಅನ್ವೇಷಕ ಜಾಕ್ ಕುಸ್ತೊ 1971ರಲ್ಲಿ ತಮ್ಮ ಹಡಗಿನೊಂದಿಗೆ ಅಲ್ಲಿಗೆ ಹೋದ ಮೇಲೆ ಈ ಕುಳಿ ಜಗತ್ಪ್ರಸಿದ್ಧವಾಯಿತು. ಆದರೆ ಚಿತ್ರಗಳಲ್ಲಿ ಮನಸೆಳೆಯುವ ಆ ಕಡುನೀಲಿ ವೃತ್ತ ಕಾಣುವುದು ವಿಮಾನದಿಂದ ಮಾತ್ರ. ನೀರಿಗಿಳಿದವರಿಗೆ ಕಾಣುವುದು ಕಂದು ಗೋಡೆ, ಕೆಳಗೆ ಕತ್ತಲೆ, ಆ ಆಳದಲ್ಲಿ ಕಳೆಯಬಹುದಾದ ಕೆಲವೇ ನಿಮಿಷ. ಬ್ಲೂ ಹೋಲ್ ಇರುವ ಲೈಟ್‌ಹೌಸ್ ರೀಫ್ ಎಂಬ ಹವಳದ ದಿಬ್ಬದಲ್ಲೇ ಹಾಫ್ ಮೂನ್ ಕೇ ಎಂಬ ಪುಟ್ಟ ದ್ವೀಪದ ಬಳಿ ಇರುವ ಹವಳದ ಗೋಡೆಯನ್ನು ಜನ ಬ್ಲೂ ಹೋಲ್ ಮುಗಿಸಿ ಊಟಕ್ಕೆ ಮುಂಚೆ ಮಾಡುವ ಡೈವ್ ಎಂಬಂತೆ ನೋಡಿ ಬರುತ್ತಾರೆ. ನನಗೇನೋ ಅದೇ ಹೆಚ್ಚು ಬೆಲೆಯುಳ್ಳದ್ದೆಂದು ತೋರುತ್ತದೆ.

ಹಾಗಾದರೆ ಎಲ್ಲಿಗೆ? ಕೆರಿಬಿಯನ್ ಸಮುದ್ರದ ಬೊನೇರ್ ದ್ವೀಪ ನಿಮಗೆ ಹೇಳಿ ಮಾಡಿಸಿದಂತಿದೆ. ರಸ್ತೆಯ ಬದಿಯಲ್ಲಿ ಹಳದಿ ಬಣ್ಣ ಬಳಿದು ತಾಣದ ಹೆಸರು ಬರೆದ ಕಲ್ಲುಗಳಿರುತ್ತವೆ. ಅಲ್ಲಿ ಗಾಡಿ ನಿಲ್ಲಿಸಿ, ಸಿಲಿಂಡರ್ ಹೊತ್ತು, ದಡದಿಂದಲೇ ನಡೆದು ನೀರಿಗಿಳಿದರೆ ಸ್ವಲ್ಪ ದೂರದಲ್ಲೇ ಹವಳದ ಇಳಿಜಾರು ಸಿಗುತ್ತದೆ. ಸುತ್ತಲಿನ ಕಡಲು 1979ರಿಂದಲೇ ಸಂರಕ್ಷಿತ. ಥಾಯ್ಲೆಂಡ್‌ನ ಕೊ ತಾವ್, ಕೆಂಪು ಸಮುದ್ರದ ಉತ್ತರ ಭಾಗದ ಮರೆಯಾದ ಕೊಲ್ಲಿಗಳು ಕೂಡ ಹೊಸಬರನ್ನು ಸಹಿಸಿಕೊಳ್ಳುವ ಜಾಗಗಳೇ. ಆಳ ಕಡಿಮೆಯಾದರೆ ನೋಟ ಕಡಿಮೆ ಎಂಬ ಅಳುಕು ಬೇಡ: ಹವಳಕ್ಕೆ ಬಿಸಿಲು ಬೇಕು, ಆದ್ದರಿಂದ ಅದರ ಬಣ್ಣ, ದಟ್ಟಣೆ, ಅದನ್ನು ನಂಬಿದ ಮೀನುಗಳ ಗದ್ದಲ ಹೆಚ್ಚಾಗಿರುವುದು ಮೇಲಿನ 15 ಮೀಟರಿನಲ್ಲೇ.

ಅಲ್ಲಿ ನೀವು ಕಲಿಯಬೇಕಾದದ್ದು ಒಂದೇ, ನೀರಿನಲ್ಲಿ ಏರದೆ ಇಳಿಯದೆ ನಿಲ್ಲುವುದು. ಉಸಿರೆಳೆದುಕೊಂಡರೆ ದೇಹ ತುಸು ಮೇಲೇರುತ್ತದೆ, ಬಿಟ್ಟರೆ ಇಳಿಯುತ್ತದೆ, ಆದರೆ ಎರಡೂ ತಕ್ಷಣ ಆಗುವುದಿಲ್ಲ, ಒಂದೆರಡು ಕ್ಷಣ ತಡವಾಗಿ ಆಗುತ್ತವೆ. ಹೊಸಬರು ಆ ತಡವನ್ನು ತಾಳಲಾರದೆ, ತೇಲುವುದನ್ನು ಹೊಂದಿಸಲು ತೊಡುವ ಜಾಕೆಟ್‌ಗೆ ಗುಂಡಿಯೊತ್ತಿ ಗಾಳಿ ತುಂಬುತ್ತಾರೆ, ಮೇಲೆ ತೇಲಿದೊಡನೆ ಗಾಬರಿಯಿಂದ ಬಿಡುತ್ತಾರೆ, ಮತ್ತೆ ಮುಳುಗುತ್ತಾರೆ. ಗುಂಡಿಯಿಂದ ಬೆರಳು ತೆಗೆದು ಉಸಿರಿನಿಂದಲೇ ಎತ್ತರ ಹೊಂದಿಸುವುದು ಒಮ್ಮೆ ಮೈಗೂಡಿತೆಂದರೆ, ನೀವು ಬರೆದ ನಾಲ್ಕರ ಪಟ್ಟಿಯನ್ನು ಮತ್ತೆ ತೆಗೆಯಬಹುದು.

ಪ್ರ: ಮಾಲ್ಡೀವ್ಸ್‌ಗೆ ಫೆಬ್ರವರಿಯಲ್ಲಿ ಹೋಗಿದ್ದೆವು. ನೀರು ಗಾಜಿನಂತೆ ತಿಳಿಯಾಗಿತ್ತು, ಆದರೆ ಹನಿಫಾರು ಕೊಲ್ಲಿಯಲ್ಲಿ ಸೇರುತ್ತವೆಂದು ಕೇಳಿದ್ದ ಮಾಂಟಾಗಳು ಒಂದೂ ಕಾಣಲಿಲ್ಲ. ತಿಳಿನೀರು ಒಳ್ಳೆಯ ಲಕ್ಷಣವಲ್ಲವೇ?

ಉ: ತಿಳಿನೀರಿಗೂ ದೊಡ್ಡ ಪ್ರಾಣಿಗಳಿಗೂ ಅಷ್ಟಾಗಿ ಆಗಿಬರುವುದಿಲ್ಲ. ಮಾಂಟಾ ಎಂಬ ದೈತ್ಯ ತೊರಕೆಯೂ ವೇಲ್ ಶಾರ್ಕ್ ಕೂಡ ಬದುಕುವುದು ಪ್ಲಾಂಕ್ಟನ್ ಎಂಬ ಸೂಕ್ಷ್ಮ ಜೀವಿಗಳನ್ನು ಸೋಸಿ ತಿಂದು. ಪ್ಲಾಂಕ್ಟನ್ ದಟ್ಟವಾಗಿದ್ದರೆ ನೀರು ಮಸುಕಾಗಿರಲೇಬೇಕು. ಮಾಲ್ಡೀವ್ಸ್‌ನಲ್ಲಿ ಸರಿಸುಮಾರು ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಈಶಾನ್ಯ ಮಾರುತದ ಕಾಲ. ಆಗ ನೀರು ಪೂರ್ವದಿಂದ ಹವಳದ್ವೀಪ ಸಮೂಹಗಳ ಒಳಹೊಕ್ಕು ಪಶ್ಚಿಮಕ್ಕೆ ಹೊರಬೀಳುತ್ತದೆ. ಪೂರ್ವದ ಕಾಲುವೆಗಳಲ್ಲಿ ತಿಳಿನೀರೂ ಶಾರ್ಕ್‌ಗಳೂ ಸಿಗುತ್ತವೆ, ಮಾಂಟಾಗಳು ಪಶ್ಚಿಮದ ಅಂಚಿಗೆ ಸರಿದಿರುತ್ತವೆ. ಮೇ ತಿಂಗಳ ಹೊತ್ತಿಗೆ ನೈಋತ್ಯ ಮಾರುತ ಬೀಸತೊಡಗಿದರೆ ಎಲ್ಲವೂ ತಿರುವುಮುರುವಾಗಿ, ಪ್ಲಾಂಕ್ಟನ್ ಪೂರ್ವದಂಚಿನಲ್ಲಿ ಮಡುಗಟ್ಟುತ್ತದೆ. ಬಾ ಅಟಾಲ್ ಎಂಬ ಹವಳದ್ವೀಪ ಸಮೂಹದ ಪೂರ್ವದಂಚಿನಲ್ಲಿರುವ ಹನಿಫಾರು ಕೊಲ್ಲಿಗೆ ಮಾಂಟಾಗಳು ಹಿಂಡುಹಿಂಡಾಗಿ ಬರುವುದು ಜೂನ್‌ನಿಂದ ನವೆಂಬರ್‌ವರೆಗಿನ ಆ ಕಾಲದಲ್ಲೇ. ಇನ್ನೊಂದು ಸಂಗತಿ: ಯುನೆಸ್ಕೊ 2011ರಲ್ಲಿ ಜೀವಗೋಳ ಮೀಸಲೆಂದು ಗುರುತಿಸಿದ ಬಾ ಅಟಾಲ್‌ನ ಆ ಕೊಲ್ಲಿಯಲ್ಲಿ ಸ್ಕೂಬಾ ನಿಷಿದ್ಧ, ಸ್ನಾರ್ಕೆಲ್ ಎಂಬ ಉಸಿರುಕೊಳವೆ ಧರಿಸಿ ನೀರಿನ ಮೇಲಿಂದಲೇ ನೋಡಬೇಕು. ಗುಳ್ಳೆಗಳ ಕಾಟವಿಲ್ಲದೆ ಅವು ನಿಶ್ಚಿಂತೆಯಾಗಿ ಮೇಯಲಿ ಎಂದು.

ಉಳಿದೆಡೆಯೂ ಹೀಗೆಯೇ ಪಂಚಾಂಗ ನೋಡಿ ಹೊರಡಬೇಕು. ಗ್ಯಾಲಪಗೋಸ್‌ನಲ್ಲಿ ವೇಲ್ ಶಾರ್ಕ್‌ಗಳು ಬರುವುದು ಜೂನ್‌ನಿಂದ ನವೆಂಬರ್‌ವರೆಗೆ, ಅಂದರೆ ನೀರು ಅತಿ ತಣ್ಣಗೂ ಕಡಲು ಒರಟಾಗಿಯೂ ಇರುವಾಗ. ಫಿಲಿಪೀನ್ಸ್‌ನ ಸುಲು ಸಮುದ್ರದ ನಡುವೆ ಒಂಟಿಯಾಗಿರುವ ತುಬ್ಬತಾಹ ದಿಬ್ಬಗಳಿಗೆ ಮಾರ್ಚ್ ನಡುವಿನಿಂದ ಜೂನ್ ನಡುವಿನವರೆಗೆ ಮಾತ್ರ, ಅದೂ ಡೈವರ್‌ಗಳು ಹಡಗಿನಲ್ಲೇ ಉಳಿದುಕೊಳ್ಳುವ ಲೈವ್‌ಅಬೋರ್ಡ್ ಪ್ರಯಾಣದಲ್ಲಿ ಹೋಗಲು ಸಾಧ್ಯ. ಥಾಯ್ಲೆಂಡ್‌ನ ಸಿಮಿಲಾನ್ ದ್ವೀಪಗಳನ್ನು ಪ್ರತಿವರ್ಷ ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚುತ್ತಾರೆ. ಕೆರಿಬಿಯನ್‌ನ ಬಹುಭಾಗದಲ್ಲಿ ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಹಂಗಾಮು, ಚಂಡಮಾರುತಗಳ ಹಾದಿಯಿಂದ ದಕ್ಷಿಣಕ್ಕಿರುವ ಬೊನೇರ್‌ಗೆ ಅದರ ಹೊಡೆತ ತೀರ ಅಪರೂಪ. ಟಿಕೆಟ್ ಅಗ್ಗವಾಗಿರುವ ತಿಂಗಳು ಯಾಕೆ ಅಗ್ಗ ಎಂದು ಒಮ್ಮೆ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಪ್ರ: ನನಗೆ 57 ವರ್ಷ. ಕನ್ನಡಕವಿದೆ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತೇನೆ, ಈಜು ಅಷ್ಟಕ್ಕಷ್ಟೇ. ಈ ವಯಸ್ಸಿನಲ್ಲಿ ಕಲಿಯಬಹುದೇ?

ಉ: ವಯಸ್ಸಿಗೆ ಮೇಲ್ಮಿತಿಯಿಲ್ಲ. ಕನ್ನಡಕದ್ದು ಚಿಂತೆಯೇ ಅಲ್ಲ. ನಿಮ್ಮ ಸಂಖ್ಯೆಯ ಗಾಜನ್ನು ಮಾಸ್ಕ್‌ಗೇ ಕೂರಿಸಿ ಕೊಡುತ್ತಾರೆ, ಮೆದು ಕಾಂಟ್ಯಾಕ್ಟ್ ಲೆನ್ಸ್ ಧರಿಸಿಯೂ ಇಳಿಯಬಹುದು. ಈಜನ್ನು ಮಾತ್ರ ಸುಧಾರಿಸಿಕೊಳ್ಳಬೇಕು: ಡೈವಿಂಗ್ ಕಲಿಸಿ ಪ್ರಮಾಣಪತ್ರ ಕೊಡುವ ಪಾಡಿ ಸಂಸ್ಥೆಯ ಓಪನ್ ವಾಟರ್ ತರಬೇತಿಯಲ್ಲಿ 200 ಮೀಟರ್ ನಿಲ್ಲದೆ ಈಜಬೇಕು, ಅಥವಾ ಮಾಸ್ಕ್, ಸ್ನಾರ್ಕೆಲ್, ಪಾದಕ್ಕೆ ಹಾಕುವ ಈಜುರೆಕ್ಕೆಯಾದ ಫಿನ್ ತೊಟ್ಟು 300 ಮೀಟರ್ ಈಜಬೇಕು, ಜೊತೆಗೆ 10 ನಿಮಿಷ ತೇಲಬೇಕು. ವೇಗದ ಪ್ರಶ್ನೆಯಿಲ್ಲ, ಹೊತ್ತಿನ ಲೆಕ್ಕವಿಲ್ಲ.

ರಕ್ತದೊತ್ತಡದ ವಿಷಯವನ್ನು ಹಗುರವಾಗಿ ಬಿಡಬೇಡಿ. ತರಬೇತಿಗೆ ಮುನ್ನ ತುಂಬಿಕೊಡುವ ಆರೋಗ್ಯದ ಪ್ರಶ್ನಾವಳಿಯಲ್ಲಿ 45 ದಾಟಿದವರಿಗೆಂದೇ ಕೆಲವು ಹೆಚ್ಚಿನ ಪ್ರಶ್ನೆಗಳಿರುವುದಕ್ಕೆ ಕಾರಣವಿದೆ. ಡೈವಿಂಗ್ ಸಾವುಗಳಲ್ಲಿ ಗಮನಾರ್ಹ ಪಾಲು ಹೃದಯಕ್ಕೆ ಸಂಬಂಧಿಸಿದ್ದು. ಎಲ್ಲಕ್ಕೂ 'ಇಲ್ಲ' ಎಂದು ಗುರುತು ಹಾಕಿ ವೈದ್ಯರ ಕೋಣೆಯನ್ನು ತಪ್ಪಿಸಿಕೊಳ್ಳುವ ಜಾಣರಿದ್ದಾರೆ. ನೀವು ಹಾಗೆ ಮಾಡದೆ, ಮಾತ್ರೆಯ ಚೀಟಿಯೊಡನೆ ವೈದ್ಯರನ್ನು ಕಂಡು ಲಿಖಿತ ಒಪ್ಪಿಗೆ ಪಡೆದುಕೊಳ್ಳಿ. ಆಸ್ತಮಾ, ಅಪಸ್ಮಾರ, ಎಂದಾದರೂ ಶ್ವಾಸಕೋಶ ಕುಸಿದಿದ್ದ ಇತಿಹಾಸ ಇವೆಲ್ಲ ಇನ್ನೂ ಗಂಭೀರ. ನೆಗಡಿಯೂ ಸಣ್ಣದಲ್ಲ: ಮೂಗು ಕಟ್ಟಿದ್ದರೆ ಕಿವಿಯೊಳಗಿನ ಒತ್ತಡ ಸರಿದೂಗುವುದಿಲ್ಲ, ಮೂರು ಮೀಟರ್ ಇಳಿಯುವಷ್ಟರಲ್ಲೇ ಕಿವಿ ಚುಚ್ಚತೊಡಗುತ್ತದೆ. ಆಗ ಹಟ ಹಿಡಿಯದೆ ಮೇಲೆ ಬರಬೇಕು.

ಪ್ರ: ಶಾರ್ಕ್ ಕಂಡರೆ ಏನು ಮಾಡಬೇಕು?

ಉ: ಹೆಚ್ಚಿನ ಡೈವರ್‌ಗಳು ಜೊತೆಗಾರರಿಗೆ ಸನ್ನೆ ಮಾಡಿ, ಅದು ಇನ್ನೂ ಸ್ವಲ್ಪ ಹತ್ತಿರ ಬರಲಿ ಎಂದು ಹಾರೈಸುತ್ತಾರೆ. ಹವಳದ ದಿಬ್ಬಗಳಲ್ಲಿ ಸಾಮಾನ್ಯವಾಗಿ ಕಾಣುವ ಜಾತಿಗಳು ಗುಳ್ಳೆ ಬಿಡುವ ಮನುಷ್ಯನಿಂದ ದೂರ ಸರಿಯುತ್ತವೆ. ಜಗತ್ತಿನಾದ್ಯಂತ ಕೆಣಕದೆಯೇ ನಡೆದ ಶಾರ್ಕ್ ದಾಳಿಗಳಲ್ಲಿ ಸಾಯುವವರ ಸಂಖ್ಯೆ ಸರಾಸರಿ ವರ್ಷಕ್ಕೆ ಹತ್ತನ್ನೂ ಮುಟ್ಟುವುದಿಲ್ಲ. ಪಲಾವು ದೇಶ 2009ರಲ್ಲಿ ತನ್ನ ಕಡಲನ್ನೆಲ್ಲ ಶಾರ್ಕ್‌ಗಳ ಅಭಯಧಾಮವೆಂದು ಘೋಷಿಸಿತು, ಜಗತ್ತಿನಲ್ಲಿ ಅದೇ ಮೊದಲನೆಯದು.

ನೀವು ಅಂಜಬೇಕಾದ ಮೀನು ಬೇರೆಯೇ ಇದೆ, ಟೈಟನ್ ಟ್ರಿಗರ್‌ಫಿಶ್. ಮೊಳದುದ್ದಕ್ಕಿಂತ ಹೆಚ್ಚಿನ ದಪ್ಪ ಮೈಯ ಈ ಮೀನು ಮರಳಿನಲ್ಲಿ ಗುಂಡಿ ತೋಡಿ ಮೊಟ್ಟೆಯಿಟ್ಟು ಕಾಯುತ್ತಿರುವಾಗ ಯಾರು ಹತ್ತಿರ ಬಂದರೂ ಬೆನ್ನಿನ ಮುಳ್ಳನ್ನು ಸೆಟೆಸಿ ನೇರವಾಗಿ ಮೇಲೇರಿ ಬರುತ್ತದೆ. ಹವಳವನ್ನೇ ಪುಡಿಮಾಡುವ ಹಲ್ಲುಗಳಿಂದ ಫಿನ್ ಕಚ್ಚಿ ಜಗ್ಗುತ್ತದೆ, ಸಿಕ್ಕರೆ ಕಾಲನ್ನೂ ಕಚ್ಚುತ್ತದೆ. ಅದು ತನ್ನದೆಂದು ಕಾಯುವ ಜಾಗ ಗೂಡಿನಿಂದ ಮೇಲಕ್ಕೆ ಹೋದಂತೆಲ್ಲ ಅಗಲವಾಗುವ ಆಲಿಕೆಯ ಆಕಾರದಲ್ಲಿರುತ್ತದೆ. ಹೆದರಿದವರು ಸಹಜವಾಗಿ ಮೇಲಕ್ಕೆ ಈಜುತ್ತಾರೆ, ಅಂದರೆ ಆಲಿಕೆಯ ಒಳಗೇ ಉಳಿಯುತ್ತಾರೆ. ಫಿನ್‌ಗಳನ್ನು ಅದರತ್ತ ಚಾಚಿ ಅಡ್ಡಲಾಗಿ ಹಿಮ್ಮೆಟ್ಟಿದರೆ ಸ್ವಲ್ಪ ದೂರದಲ್ಲೇ ಅದು ನಿಮ್ಮನ್ನು ಮರೆತು ಗೂಡಿಗೆ ಮರಳುತ್ತದೆ.

ಪ್ರ: ಚಿತ್ರಗಳಲ್ಲಿ ಕಾಣುವ ಕೆಂಪು ಹವಳ, ಕೆಂಪು ಮೀನು ನನಗೆ 20 ಮೀಟರ್ ಆಳದಲ್ಲಿ ಕಾಣಲಿಲ್ಲ. ಎಲ್ಲವೂ ಬೂದು–ನೀಲಿ. ಚಿತ್ರಗಳಲ್ಲಿ ಬಣ್ಣ ತುಂಬಿರುತ್ತಾರೆಯೇ?

ಉ: ಬಣ್ಣ ನಿಜದ್ದೇ, ಅದನ್ನು ತೋರಿಸುವ ಬೆಳಕು ಅಲ್ಲಿಗೆ ತಲುಪಿಲ್ಲ. ನೀರು ಬಿಸಿಲಿನ ಕೆಂಪನ್ನು ಮೊದಲ ಕೆಲವು ಮೀಟರ್‌ಗಳಲ್ಲೇ ಹೀರಿಕೊಳ್ಳುತ್ತದೆ, ಆಮೇಲೆ ಕಿತ್ತಳೆ, ಆಮೇಲೆ ಹಳದಿ. ಆ ಆಳದಲ್ಲಿ ಬೆರಳು ಕೊಯ್ದುಕೊಂಡರೆ ರಕ್ತವೂ ಹಸಿರಾಗಿ ಕಾಣುತ್ತದೆ. ಸಣ್ಣದೊಂದು ಟಾರ್ಚ್ ಒಯ್ದು ಬೂದುಬಣ್ಣದ ಹವಳದ ಮೇಲೆ ಹಿಡಿಯಿರಿ.

ಪ್ರ: ಮುಳುಗಿದ ಹಡಗುಗಳನ್ನು ನೋಡಬೇಕೆಂಬ ಆಸೆ. ಎಲ್ಲಿಂದ ಶುರುಮಾಡಲಿ? ಒಳಹೊಕ್ಕು ನೋಡಲು ಬಿಡುತ್ತಾರೆಯೇ?

ಉ: ಈಜಿಪ್ಟ್‌ನ ಕರಾವಳಿಯಾಚೆ ಕೆಂಪು ಸಮುದ್ರದಲ್ಲಿ ಮಲಗಿರುವ ಥಿಸಲ್‌ಗಾರ್ಮ್ ಎಲ್ಲರ ಬಾಯಲ್ಲಿರುವ ಹೆಸರು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯಕ್ಕೆ ಸರಕು ಹೊತ್ತಿದ್ದ ಈ ಬ್ರಿಟಿಷ್ ಹಡಗನ್ನು 1941ರ ಅಕ್ಟೋಬರ್ 6ರಂದು ಜರ್ಮನ್ ವಿಮಾನ ಬಾಂಬ್ ಹಾಕಿ ಮುಳುಗಿಸಿತು. ಒಂಬತ್ತು ಮಂದಿ ಸತ್ತರು. ಸುಮಾರು 30 ಮೀಟರ್ ಆಳದ ತಳದಲ್ಲಿ ಅದು ಹೆಚ್ಚುಕಡಿಮೆ ನೆಟ್ಟಗೆ ನಿಂತಿದೆ. ಸರಕಿನ ಕೋಣೆಯಲ್ಲಿ ಟ್ರಕ್‌ಗಳ ಮೇಲೆ ಸಾಲಾಗಿ ನಿಲ್ಲಿಸಿದ ಮೋಟಾರ್‌ಸೈಕಲ್‌ಗಳು ಇಂದಿಗೂ ಹಾಗೆಯೇ ಇವೆ; ಹ್ಯಾಂಡಲ್‌ಗಳ ಮೇಲೆ ಜೀವಜಂತುಗಳು ಬೆಳೆದಿವೆ, ಸೀಟು ಕೊಳೆತು ಸ್ಪ್ರಿಂಗ್ ಹೊರಬಿದ್ದಿದೆ, ಪಕ್ಕದಲ್ಲಿ ರಬ್ಬರಿನ ಬೂಟುಗಳ ರಾಶಿ ಮಾತ್ರ ನಿನ್ನೆ ಇಳಿಸಿದಂತಿದೆ. ಡೈವರ್‌ಗಳು ಬಿಟ್ಟ ಗುಳ್ಳೆಗಳು ಒಳಚಾವಣಿಗೆ ಅಂಟಿ ನಿಂತು ಕಬ್ಬಿಣವನ್ನು ಬೇಗ ತುಕ್ಕು ಹಿಡಿಸುತ್ತವೆ, ಮೇಲಾಗಿ ಕೆಲವರು ನೆನಪಿಗೆಂದು ವಸ್ತುಗಳನ್ನು ಕಿತ್ತುಕೊಂಡು ಹೋಗಿದ್ದಾರೆ. ಈ ಎರಡನೆಯದಕ್ಕೆ ಕಳ್ಳತನವೆಂದೇ ಹೆಸರು.

ಆಸ್ಟ್ರೇಲಿಯಾದ ಟೌನ್ಸ್‌ವಿಲ್ ಕಡೆಯ ಯೊಂಗಾಲಾ ಇನ್ನೊಂದು ಬಗೆಯದು. 1911ರ ಮಾರ್ಚ್‌ನಲ್ಲಿ ಚಂಡಮಾರುತಕ್ಕೆ ಸಿಕ್ಕಿ 122 ಮಂದಿಯೊಡನೆ ಮುಳುಗಿದ ಆ ಉಗಿಹಡಗು ಈಗ ಸುತ್ತ ಮರಳು ಬಯಲಿರುವ ಒಂಟಿ ಹವಳದ ದಿಬ್ಬದಂತಾಗಿದೆ. ಆಸರೆಗೆ ಬೇರೇನೂ ಇಲ್ಲದ್ದರಿಂದ ಗ್ರೂಪರ್ ಮೀನು, ಕಡಲಾಮೆ, ಸಮುದ್ರದ ಹಾವು, ತೊರಕೆ ಎಲ್ಲವೂ ಅಲ್ಲೇ ಸೇರುತ್ತವೆ. ಒಳಗೆ ಪ್ರವೇಶವಿಲ್ಲ, ಅದು ಸತ್ತವರ ಸಮಾಧಿ ಕೂಡ. ಮೈಕ್ರೊನೇಷಿಯಾದ ಚೂಕ್ ಲಗೂನ್‌ನಲ್ಲಿ 1944ರ ಫೆಬ್ರವರಿ 17 ಮತ್ತು 18ರ ಅಮೆರಿಕನ್ ದಾಳಿಗೆ ಮುಳುಗಿದ ಜಪಾನಿ ಹಡಗುಗಳು ಡಜನ್‌ಗಟ್ಟಲೆ ಇವೆ, ಹಲವು ತೀರ ಆಳದಲ್ಲಿ. ಸ್ಕಾಟ್ಲೆಂಡ್‌ನ ಸ್ಕಾಪಾ ಫ್ಲೋದಲ್ಲಿ ಜರ್ಮನರು ತಮ್ಮ ನೌಕಾಪಡೆಯನ್ನು ಶತ್ರುವಿನ ಪಾಲಾಗದಿರಲೆಂದು 1919ರ ಜೂನ್ 21ರಂದು ತಾವೇ ಮುಳುಗಿಸಿದರು. ಹೆಚ್ಚಿನವನ್ನು ಆಮೇಲೆ ಎತ್ತಲಾಯಿತು, ಏಳು ಉಳಿದಿವೆ. ಅಲ್ಲಿಗೆ ಚಳಿ ತಡೆಯುವ ಡ್ರೈಸೂಟ್ ಅಭ್ಯಾಸವಿದ್ದವರೇ ಹೋಗಬೇಕು.

ಒಳಹೊಗುವ ಮಾತು: ತೆರೆದ ಸರಕು ಕೋಣೆಯಲ್ಲಿ ಬೆಳಕು ಕಾಣುವಷ್ಟು ದೂರ ಹೋಗುವುದು ಬೇರೆ, ಕಾರಿಡಾರ್‌ಗಳಲ್ಲಿ ನುಸುಳುವುದು ಬೇರೆ. ಫಿನ್ ಒಮ್ಮೆ ತಳಕ್ಕೆ ತಾಗಿದರೂ ದಶಕಗಳ ಹೂಳು ಎದ್ದು ನಿಮ್ಮ ಕೈ ನಿಮಗೇ ಕಾಣದಂತಾಗುತ್ತದೆ. ಅದಕ್ಕೆ ಬೇರೆಯೇ ತರಬೇತಿ, ದಾರಿ ತೋರುವ ಹಗ್ಗ, ಎರಡು ಟಾರ್ಚ್ ಬೇಕು.

ಪ್ರ: ಹವಳವೇ ಇಲ್ಲದ ತಣ್ಣೀರಿನಲ್ಲಿ ಡೈವ್ ಮಾಡುವವರಿಗೆ ಅಲ್ಲಿ ಏನು ಸಿಗುತ್ತದೆ?

ಉ: ಐಸ್‌ಲೆಂಡ್‌ನ ಸಿಲ್ಫ್ರಾದಲ್ಲಿ ಮೀನೂ ಇಲ್ಲವೆಂದೇ ಹೇಳಬಹುದು. ಉತ್ತರ ಅಮೆರಿಕ ಮತ್ತು ಯುರೇಷಿಯಾದ ಭೂಫಲಕಗಳು ದೂರ ಸರಿಯುತ್ತಿರುವ ಕಡೆ ನೆಲ ಬಿರಿದು ಉಂಟಾದ ಸೀಳು ಅದು. ಹಿಮನದಿಯ ನೀರು ಲಾವಾ ಕಲ್ಲಿನೊಳಗೆ ಹಲವು ದಶಕ ಜಿನುಗಿ ಸೋಸಿಹೋಗಿ ಅಲ್ಲಿ ಹೊರಬರುವುದರಿಂದ 100 ಮೀಟರ್‌ನಷ್ಟು ದೂರದವರೆಗೆ ಕಣ್ಣು ಹಾಯುತ್ತದೆ. ನೀರಿನ ಉಷ್ಣತೆ ವರ್ಷವಿಡೀ 2ರಿಂದ 4 ಡಿಗ್ರಿ ಸೆಲ್ಸಿಯಸ್. ಮೆಕ್ಸಿಕೊದ ಯುಕಟಾನ್‌ನ ಸೆನೋಟೆಗಳೆಂಬ ಸುಣ್ಣಕಲ್ಲಿನ ಕೊಳಗಳು ಅಷ್ಟು ತಣ್ಣಗಿಲ್ಲ. ಕಡಲಿನ ಸಮೀಪದ ಕೆಲವುಗಳಲ್ಲಿ ಸಿಹಿನೀರಿನ ಕೆಳಗೆ ಉಪ್ಪುನೀರು ಪದರಗಟ್ಟಿರುತ್ತದೆ, ಆ ಗಡಿಯನ್ನು ದಾಟುವಾಗ ಕಾದ ರಸ್ತೆಯ ಮೇಲೆ ಗಾಳಿ ನಡುಗುವಂತೆ ಎದುರಿನ ಡೈವರ್‌ನ ಆಕಾರವೆಲ್ಲ ಕದಡಿ, ಇಳಿದ ಕೂಡಲೇ ಮತ್ತೆ ಸ್ಪಷ್ಟವಾಗುತ್ತದೆ. ಕ್ಯಾಲಿಫೋರ್ನಿಯಾದ ಕೆಲ್ಪ್ ಕಾಡುಗಳದ್ದು ಇನ್ನೊಂದು ಸೊಗಸು: ತಳದಿಂದ ನೀರಿನ ಮೇಲ್ಮೈವರೆಗೆ ಬೆಳೆದ ಕಡಲಪಾಚಿಯ ನಡುವೆ ಬಿಸಿಲು ಮರಗಳ ಸಂದಿಯಲ್ಲಿ ಇಳಿದಂತೆ ಇಳಿಯುತ್ತದೆ, ಸೀಲ್‌ಗಳು ಬಂದು ಫಿನ್ ಮೂಸಿ ಹೋಗುವುದೂ ಉಂಟು.

ಪ್ರ: ಕೊನೆಯ ದಿನ ಬೆಳಿಗ್ಗೆ ಡೈವ್ ಮುಗಿಸಿ ಸಂಜೆ ವಿಮಾನ ಹತ್ತಬಹುದೇ?

ಉ: ಬೇಡ. ಆಳದ ಒತ್ತಡದಲ್ಲಿ ರಕ್ತ, ಮಾಂಸಗಳಲ್ಲಿ ಕರಗಿದ ಸಾರಜನಕ ಹೊರಹೋಗಲು ಹೊತ್ತು ಹಿಡಿಯುತ್ತದೆ. ವಿಮಾನದ ಒಳಗಿನ ಒತ್ತಡ ಸುಮಾರು 2,000 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟೇ ಇರುವುದರಿಂದ ಆ ಸಾರಜನಕ ಗುಳ್ಳೆಗಟ್ಟಿ ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೆ ಏನನ್ನೂ ತರಬಲ್ಲದು. ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ದಿನ ಅಥವಾ ಹಲವು ಡೈವ್ ಆಗಿದ್ದರೆ ಕನಿಷ್ಠ 18 ಗಂಟೆ ಕಾಯಬೇಕೆಂಬುದು ಡೈವರ್‌ಗಳ ಸುರಕ್ಷತೆಗೆ ದುಡಿಯುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಸಲಹೆ. ಇಡೀ ದಿನ ಬಿಟ್ಟರೆ ಇನ್ನೂ ಮೇಲು. ಕಡಲತಡಿಯಿಂದ ನೇರವಾಗಿ ಎತ್ತರದ ಘಟ್ಟ ಹತ್ತುವವರಿಗೂ ಇದೇ ಎಚ್ಚರಿಕೆ.

ಪ್ರ: ಹವಳಗಳೆಲ್ಲ ಬಿಳಿಚಿ ಸಾಯುತ್ತಿವೆ ಎನ್ನುತ್ತಾರೆ. ಈಗ ಹೋಗಿ ನೋಡಲು ಏನಾದರೂ ಉಳಿದಿದೆಯೇ? ನಾವು ಹೋಗುವುದರಿಂದಲೇ ಕೆಡುತ್ತಿವೆಯೇ?

ಉ: ಹವಳ ಒಂದು ಪ್ರಾಣಿ, ಅದರ ಮೈಯೊಳಗೆ ನೆಲೆಸಿದ ಸೂಕ್ಷ್ಮ ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಅದಕ್ಕೂ ಉಣಿಸುತ್ತದೆ, ಬಣ್ಣವೂ ಆ ಪಾಚಿಯದ್ದೇ. ನೀರು ಬೇಸಿಗೆಯ ಮಾಮೂಲು ಗರಿಷ್ಠಕ್ಕಿಂತ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೆಯೇ ಉಳಿದರೆ ಹವಳ ಪಾಚಿಯನ್ನು ಹೊರದೂಡಿ ಬೆಳ್ಳಗಾಗುತ್ತದೆ. ಆಗಲೂ ಅದು ಸತ್ತಿರುವುದಿಲ್ಲ, ಹಸಿದಿರುತ್ತದೆ. ನೀರು ಬೇಗ ತಣಿದರೆ ಚೇತರಿಸಿಕೊಳ್ಳುತ್ತದೆ. ಸುಮಾರು 2,300 ಕಿಲೋಮೀಟರ್ ಉದ್ದದ, ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ 1998, 2002, 2016, 2017, 2020, 2022, 2024ರಲ್ಲಿ ಸಾಮೂಹಿಕವಾಗಿ ಬಿಳಿಚಿತು. ವರ್ಷಗಳ ನಡುವಿನ ಅಂತರ ಕಿರಿದಾಗುತ್ತ ಬಂದಿರುವುದೇ ಭಯ ಹುಟ್ಟಿಸುವ ಸಂಗತಿ, ಏಕೆಂದರೆ ದೊಡ್ಡ ಗುಂಡಿನಂಥ ಹವಳಗಳು ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಮಾತ್ರ ಬೆಳೆಯುತ್ತವೆ. ಹೀಗಿದ್ದೂ ಎಲ್ಲ ಕಡೆ ಒಂದೇ ಸಮ ಹಾನಿಯಾಗಿಲ್ಲ. ಇಂಡೊನೇಷ್ಯಾದ ರಾಜಾ ಅಂಪತ್‌ನಲ್ಲಿ 550ಕ್ಕೂ ಹೆಚ್ಚು ಜಾತಿಯ ಗಟ್ಟಿ ಹವಳಗಳಿವೆ. ಕೆಂಪು ಸಮುದ್ರದ ಉತ್ತರ ತುದಿಯ ಹವಳಗಳು ಬಿಸಿಯನ್ನು ಬೇರೆಡೆಯವಕ್ಕಿಂತ ಹೆಚ್ಚು ತಾಳಿಕೊಳ್ಳುತ್ತವೆ.

ನೋಡಲು ಬಂದವರಿಂದಾಗುವ ಕೇಡು ಬಿಸಿನೀರಿನ ಕೇಡಿಗೆ ಹೋಲಿಸಿದರೆ ಸಣ್ಣದು, ಆದರೆ ಒಂದೇ ಜಾಗದಲ್ಲಿ ದಿನವೂ ಬೀಳುವಂಥದು. ಮಲೇಷ್ಯಾದ ಸಿಪಾದಾನ್ ದ್ವೀಪದ ಮೇಲಿದ್ದ ವಸತಿಗಳನ್ನು 2004ರಲ್ಲಿ ತೆರವು ಮಾಡಿಸಿ, ದಿನಕ್ಕೆ ಇಂತಿಷ್ಟೇ ಡೈವರ್‌ಗಳೆಂದು ಪರವಾನಗಿ ನಿಗದಿಪಡಿಸಿದ್ದು ಇದೇ ಕಾರಣಕ್ಕೆ. ಹವಳಕ್ಕೆ ಹಾನಿ ಮಾಡುವ ರಾಸಾಯನಿಕಗಳಿರುವ ಸನ್‌ಸ್ಕ್ರೀನ್ ಅನ್ನು ಪಲಾವು 2020ರ ಜನವರಿಯಿಂದ ನಿಷೇಧಿಸಿದೆ. ಉದ್ದ ತೋಳಿನ ಈಜುಡುಗೆ ತೊಟ್ಟರೆ ಅದರ ಗೊಡವೆಯೇ ಬೇಡ. ನೀರಿಗಿಳಿದ ಮೇಲೆ ಹೆಚ್ಚು ಹವಳ ಮುರಿಯುವುದು ಕೈಯಿಂದಲ್ಲ, ಹಿಂದೆ ಏನಾಗುತ್ತಿದೆಯೆಂದು ನೋಡದೆ ಬಡಿಯುವ ಫಿನ್‌ನಿಂದ, ಜೋತಾಡುವ, ಸಿಲಿಂಡರಿನ ಗಾಳಿಮಾಪಕದಿಂದ, ಅದೂ ಕ್ಯಾಮೆರಾ ಹಿಡಿದವರ ಬೆನ್ನ ಹಿಂದೆ. ಮಾಪಕವನ್ನು ಜಾಕೆಟ್‌ಗೆ ಸಿಕ್ಕಿಸಿಕೊಳ್ಳಿ. ಮೊದಲ ಇಪ್ಪತ್ತೈದು ಡೈವ್‌ಗಳವರೆಗೆ ಕ್ಯಾಮೆರಾವನ್ನು ದೋಣಿಯಲ್ಲೇ ಬಿಟ್ಟು ಇಳಿಯಿರಿ.